ಪತ್ರ ಯಾರು ಒಯ್ಯಬಹುದು? ಒಂದು ಪಾಠ, ಎರಡು ಕಾಯ್ದೆ

ಕಳೆದ ಅಭ್ಯಾಸ ಬೋಧನೆಯ ಅವಧಿಯಲ್ಲಿ ಎಂಟನೆಯ ತರಗತಿಯ ಹಿಂದಿನ ಬೆಂಚಿನ ಮೇಲೆ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಕನ್ನಡ ವಿಷಯ, ಪತ್ರಲೇಖನದ ಪಾಠ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. ಅಂಚೆ ಕಾರ್ಡು, ಇನ್‌ಲ್ಯಾಂಡ್ ಪತ್ರ, ಲಕೋಟೆ ಮೂರನ್ನೂ ತಂದು ಮಕ್ಕಳ ಕೈಗೆ ಕೊಟ್ಟರು. ಕಪ್ಪು ಹಲಗೆಯ ಮೇಲೆ ವಿಳಾಸ ಬರೆದು, ಕೊನೆಯಲ್ಲಿ ಕಡಗಂಚಿಯ ಪಿನ್ ಸಂಖ್ಯೆ 585367 ಎಂದು ಬರೆದು, ಒಂದೊಂದು ಅಂಕಿಯನ್ನೂ ಮಕ್ಕಳಿಂದ ಓದಿಸಿದರು. ಪಾಠ ಮುಗಿಯುವ ಹೊತ್ತಿಗೆ ಒಂದು ಮಾತು ಸೇರಿಸಿದರು: "ಪತ್ರಗಳನ್ನು ಒಯ್ಯುವ ಅಧಿಕಾರ ಸರ್ಕಾರದ ಅಂಚೆ ಇಲಾಖೆಗೆ ಮಾತ್ರ ಇದೆ. ಬೇರೆ ಯಾರಾದರೂ ಒಯ್ದರೆ ದಂಡ ಬೀಳುತ್ತದೆ."

ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಟೀಚರ್, ನಮ್ಮಪ್ಪ ಬಸ್ಸಿನ ಕಂಡಕ್ಟರ್ ಕಾಕಾನ ಕೈಯಾಗ ಕಲಬುರಗಿಗೆ ಚೀಟಿ ಕಳಸ್ತಾನ್ರಿ. ಅದಕ್ಕೂ ದಂಡ ಹಾಕ್ತಾರೇನ್ರಿ?" ಅವನು ಕೂಡುವ ಮೊದಲೇ ಪಕ್ಕದ ಸಾಲಿನ ಹುಡುಗಿ, "ಮತ್ತ ಕೊರಿಯರ್‌ನವರು ದಿನಾ ಒಯ್ತಾರಲ್ರಿ?" ಎಂದಳು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ. ಗಂಟೆ ಹೊಡೆಯಿತು.

ಆ ದಿನ ನಾನು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಹೀಗೆ: "ವಿಷಯಜ್ಞಾನದಲ್ಲಿ ದೋಷ. ಕೊರಿಯರ್ ಸೇವೆ ಬಹಳ ಹಿಂದಿನಿಂದಲೂ ಕಾನೂನುಬದ್ಧವಾಗಿದೆ." ವಿಷಯಜ್ಞಾನದ ಕಾಲಮಿನಲ್ಲಿ ಅಂಕವನ್ನೂ ಕಡಿತ ಮಾಡಿದೆ. ಆಕೆ ವಾದಿಸಲಿಲ್ಲ. ಸಂಜೆ ಮಾತ್ರ ಮೆಲ್ಲಗೆ, "ಸರ್, ನಾನು ಓದಿದ ಪುಸ್ತಕದಲ್ಲಿ ಹಾಗೇ ಇತ್ತು" ಎಂದರು. ಆಮೇಲೆ ಇಬ್ಬರೂ ಕೂತು ಕಾಯ್ದೆಯ ಪಠ್ಯವನ್ನೇ ತೆಗೆದು ಓದಿದೆವು. ಆಕೆಯ ಮಾತು 2024ರ ಜೂನ್ 17ರವರೆಗೆ ಹೆಚ್ಚುಕಡಿಮೆ ಸರಿಯಾಗಿತ್ತು. ಪಾಠ ಮಾಡಿದ ದಿನಕ್ಕೆ ತಪ್ಪಾಗಿತ್ತು. ನನ್ನ ಮಾತಿನಲ್ಲಿ "ಬಹಳ ಹಿಂದಿನಿಂದಲೂ" ಎಂಬುದೇ ತಪ್ಪು. ಹಾಗೆ ನೋಡಿದರೆ ಆಕೆಯ ದೋಷಕ್ಕಿಂತ ನನ್ನ ದೋಷ ದೊಡ್ಡದು, ಏಕೆಂದರೆ ನಾನು ಅಂಕ ಕಡಿದಿದ್ದೆ. ಈ ಲೇಖನ ಆ ಸಂಜೆಯ ಓದಿನಿಂದ ಹುಟ್ಟಿದ್ದು. ಪತ್ರಲೇಖನ, ಸಂವಹನ ಸಾಧನಗಳು, ಕೇಂದ್ರ ಸರ್ಕಾರದ ಅಧಿಕಾರಗಳು ಇಂಥ ಯಾವ ಪಾಠ ಮಾಡುವವರಿಗೂ ಇದು ಬೇಕಾಗಬಹುದು.

ಹಳೆಯ ಕಾಯ್ದೆಯಿಂದ ಶುರುಮಾಡೋಣ. ಅದರ ಹೆಸರು 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆ. ಅದರ 4ನೆಯ ಕಲಮು, ಸರ್ಕಾರದ ಅಂಚೆ ವ್ಯವಸ್ಥೆ ಇರುವ ಕಡೆಗಳಲ್ಲೆಲ್ಲ ಪತ್ರಗಳನ್ನು ಒಂದೂರಿನಿಂದ ಇನ್ನೊಂದೂರಿಗೆ ಒಯ್ಯುವ ಹಕ್ಕು ಕೇಂದ್ರ ಸರ್ಕಾರದ್ದು ಮಾತ್ರ ಎಂದು ಹೇಳಿತು. ಒಯ್ಯುವುದಷ್ಟೇ ಅಲ್ಲ, ಪತ್ರಗಳನ್ನು ಪಡೆಯುವುದು, ಕೂಡಿಸುವುದು, ರವಾನಿಸುವುದು, ಹಂಚುವುದು ಇವೆಲ್ಲವೂ ಆ ಹಕ್ಕಿನೊಳಗೆ ಬಂದವು. ಪತ್ರ ಎಂದರೆ ಅಂಚೆ ಕಾರ್ಡೂ ಸೇರಿತು ಎಂದು ಹೇಳಿದ್ದು ಬಿಟ್ಟರೆ, ಪತ್ರ ಎಂದರೇನು ಎಂಬುದಕ್ಕೆ ಆ ಕಲಮಿನಲ್ಲಿ ಬೇರೆ ವ್ಯಾಖ್ಯೆ ಇರಲಿಲ್ಲ. ಈ ಸಣ್ಣ ಕೊರತೆ ಮುಂದೆ ದೊಡ್ಡ ಕೆಲಸ ಮಾಡಿತು. ಅದಕ್ಕೆ ಆಮೇಲೆ ಬರುತ್ತೇನೆ.

ಆ ಕಲಮಿಗೆ ಮೂರು ವಿನಾಯಿತಿಗಳಿದ್ದವು. ಇವನ್ನು ನಮ್ಮ ಕಡೆಯ ಉದಾಹರಣೆಗಳಿಂದಲೇ ಹೇಳುತ್ತೇನೆ. ಮಕ್ಕಳಿಗೆ ಹೇಳುವಾಗಲೂ ಹಾಗೇ ಹೇಳುವುದು ಒಳ್ಳೆಯದು.

ನೆರೆಮನೆಯವರು ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟಿದ್ದಾರೆ. ಅಲ್ಲಿರುವ ನಿಮ್ಮ ಅಕ್ಕನಿಗೆ ಒಂದು ಪತ್ರ ಬರೆದು ಅವರ ಕೈಯಲ್ಲಿ ಕೊಟ್ಟಿರಿ. ತಾವು ಹೋಗುವ ದಾರಿಯಲ್ಲಿ ಸ್ನೇಹಕ್ಕಾಗಿ, ಹಣವಾಗಲಿ ಬೇರೆ ಲಾಭವಾಗಲಿ ಇಲ್ಲದೆ ಒಯ್ದರೆ ತಪ್ಪಿಲ್ಲ. ಇದು ಮೊದಲನೆಯದು. ಎರಡನೆಯದು ಆಳು ಕಳಿಸುವುದು. ಅಫಜಲಪುರದ ಬೀಗರಿಗೆ ಲಗ್ನದ ಮಾತುಕತೆಯ ದಿನ ತಿಳಿಸಬೇಕು. ಅದಕ್ಕೆಂದೇ ಒಬ್ಬನನ್ನು ಗೊತ್ತುಮಾಡಿ ಪತ್ರ ಕೊಟ್ಟು ಕಳಿಸಿದಿರಿ. ಪತ್ರದಲ್ಲಿ ಇರುವುದು ಬರೆದವರ ಅಥವಾ ಪಡೆಯುವವರ ಸ್ವಂತ ವ್ಯವಹಾರ ಮಾತ್ರವಾಗಿದ್ದರೆ ಇದಕ್ಕೂ ಅಡ್ಡಿಯಿಲ್ಲ. ಗಮನಿಸಿ, ಇಲ್ಲಿ ಆಳಿಗೆ ಕೂಲಿ ಕೊಡಬಾರದು ಎಂದು ಕಾಯ್ದೆ ಹೇಳಲಿಲ್ಲ. ಮೂರನೆಯದು ಸರಕಿನ ಜೊತೆಗಿನ ಚೀಟಿ. ನಮ್ಮಲ್ಲಿ ತೊಗರಿ ಚೀಲ ಹೇರಿಕೊಂಡ ಲಾರಿ ದಾಲ್ ಮಿಲ್ಲಿಗೋ ಅಡತಿ ಅಂಗಡಿಗೋ ಹೊರಟಾಗ ಚಾಲಕನ ಕೈಯಲ್ಲಿ "ಇಷ್ಟು ಚೀಲ, ಇಷ್ಟು ತೂಕ" ಎಂಬ ಚೀಟಿ ಇರುತ್ತದೆ. ಆ ಸರಕಿಗೆ ಮಾತ್ರ ಸಂಬಂಧಿಸಿದ ಪತ್ರ, ಸರಕಿನ ಜೊತೆಗೇ ತಲುಪುವಂಥದ್ದು, ಅದಕ್ಕೆಂದು ಬೇರೆ ಬಾಡಿಗೆ ಇಲ್ಲದ್ದು: ಇದು ಸರಿ. ಅದೇ ಚಾಲಕ ಅಡತಿ ಸಾಹುಕಾರರ ಮಗನಿಗೆ ಕಾಲೇಜು ಫೀಸಿನ ವಿಷಯದ ಪತ್ರವನ್ನೂ ಜೇಬಿನಲ್ಲಿಟ್ಟುಕೊಂಡರೆ ಅದು ವಿನಾಯಿತಿಯ ಹೊರಗೆ.

ಈ ಮೂರರ ಕೊನೆಗೆ ಒಂದು ಷರತ್ತು ಇತ್ತು. ಪಾಠಕ್ಕೆ ಮುಖ್ಯವಾದದ್ದು ಇದೇ. ವಿನಾಯಿತಿ ಇರುವ ಪತ್ರಗಳನ್ನೇ ಆದರೂ, ಅಂಚೆಯ ಹೊರಗೆ ಕಳಿಸುವುದಕ್ಕಾಗಿ ಮನೆಮನೆಯಿಂದ ಕೂಡಿಸುವಂತಿಲ್ಲ. ಗಾಣಗಾಪುರಕ್ಕೆ ಹೋಗುವವರು ನಿಮ್ಮದೊಂದು ಪತ್ರ ಒಯ್ದರೆ ಸ್ನೇಹ. ಓಣಿಯಲ್ಲಿ ತಿರುಗಿ "ಗಾಣಗಾಪುರಕ್ಕೆ ಯಾರ ಪತ್ರ ಇದ್ದರೂ ಕೊಡ್ರಿ" ಎಂದು ನಲವತ್ತು ಪತ್ರ ಕಟ್ಟಿಕೊಂಡರೆ, ಒಂದು ಪೈಸೆ ತೆಗೆದುಕೊಳ್ಳದಿದ್ದರೂ ಉಲ್ಲಂಘನೆ. "ಕೊರಿಯರ್‌ನವರೂ ಕೂಲಿ ಪಡೆದ ಆಳೇ ಅಲ್ಲವೇ, ಎರಡನೆಯ ವಿನಾಯಿತಿಯಲ್ಲಿ ಏಕೆ ಬರಬಾರದು?" ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಬಾಗಿಲು ಮುಚ್ಚುವುದು ಈ ಷರತ್ತು. ಒಂದು ಪತ್ರಕ್ಕೆಂದೇ ಕಳಿಸಿದ ಆಳು ಬೇರೆ, ಸಾವಿರ ಜನರ ಪತ್ರ ಕೂಡಿಸಿ ಒಯ್ಯುವ ಕಚೇರಿ ಬೇರೆ.

ಇನ್ನು ಕಂಡಕ್ಟರ್ ಕಾಕಾನ ವಿಷಯ. ಇದಕ್ಕೆ 5ನೆಯ ಕಲಮು ಪ್ರತ್ಯೇಕವಾಗಿಯೇ ಇತ್ತು. ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಸಾರ್ವಜನಿಕವಾಗಿ ಸಾಗಿಸುವವರು, ಅವರ ನೌಕರರು, ಏಜೆಂಟರು, ನದಿಯಲ್ಲಿ ಸಂಚರಿಸುವ ನಾವೆಗಳ ಒಡೆಯರು ಪತ್ರ ಪಡೆಯುವುದನ್ನೂ ಒಯ್ಯುವುದನ್ನೂ ಕೊಡುವುದನ್ನೂ ಆ ಕಲಮು ನೇರವಾಗಿ ನಿಷೇಧಿಸಿತು. ಅದರಲ್ಲಿ "ಪ್ರತಿಫಲ ಪಡೆಯದಿದ್ದರೂ" ಎಂಬ ಅರ್ಥದ ಮಾತೂ ಸೇರಿತ್ತು. ಅಂದರೆ ಕಡಗಂಚಿಯ ಸ್ಟ್ಯಾಂಡಿನಲ್ಲಿ ಬಸ್ ಹತ್ತುವ ಪ್ರಯಾಣಿಕರ ಕೈಯಲ್ಲಿ ಪುಕ್ಕಟೆಯಾಗಿ ಪತ್ರ ಕೊಡಬಹುದಿತ್ತು; ಅದೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪುಕ್ಕಟೆಯಾಗಿಯೂ ಕೊಡುವಂತಿರಲಿಲ್ಲ. ಹುಡುಗನ ಪ್ರಶ್ನೆಗೆ ಹಳೆಯ ಕಾಯ್ದೆಯ ಉತ್ತರ "ಹೌದು, ತಪ್ಪು" ಎಂದೇ ಇತ್ತು. ಊರೂರಲ್ಲಿ ಎಷ್ಟು ಜನ ಎಷ್ಟು ಸಲ ಈ ತಪ್ಪು ಮಾಡಿದ್ದೇವೆಂದು ಲೆಕ್ಕ ಹಾಕುವ ಗೋಜಿಗೆ ಹೋಗುವುದು ಬೇಡ. ದಂಡವೂ 1898ರ ಕಾಲದ್ದೇ: ಒಂದು ಪತ್ರಕ್ಕೆ 50 ರೂಪಾಯಿಯವರೆಗೆ, ಒಮ್ಮೆ ಶಿಕ್ಷೆಯಾದವರು ಮತ್ತೆ ಮಾಡಿದರೆ 500 ರೂಪಾಯಿಯವರೆಗೆ. 1898ರಲ್ಲಿ 50 ರೂಪಾಯಿ ಎಂದರೆ ಹೆದರುವಂಥ ಮೊತ್ತ. ನೂರು ವರ್ಷದ ಮೇಲೆ ಅದು ಹೆದರಿಸುವ ಶಕ್ತಿ ಕಳೆದುಕೊಂಡಿತ್ತು.

ಸರ್ಕಾರ ಇಷ್ಟು ಬಿಗಿಯಾಗಿ ಪತ್ರದ ಮೇಲೆ ಏಕಸ್ವಾಮ್ಯ ಇಟ್ಟುಕೊಂಡದ್ದು ಏಕೆ? "ಬ್ರಿಟಿಷರ ದರ್ಪ" ಎಂದು ಒಂದೇ ಮಾತಿನಲ್ಲಿ ಮುಗಿಸುವ ಪಾಠಗಳನ್ನು ನಾನು ಕೇಳಿದ್ದೇನೆ. ಅದು ಅರ್ಧ ಉತ್ತರ. ಉಳಿದ ಅರ್ಧ ಲೆಕ್ಕದಲ್ಲಿದೆ.

ಈಸ್ಟ್ ಇಂಡಿಯಾ ಕಂಪನಿಯ ಸೀಮೆಯಲ್ಲಿ ಬಾಡಿಗೆಗೆ ಪತ್ರ ಒಯ್ಯುವ ಹಕ್ಕನ್ನು ಸರ್ಕಾರ ತನಗೆ ಮಾತ್ರ ಎಂದು ಇಟ್ಟುಕೊಂಡದ್ದು 1837ರ ಕಾಯ್ದೆಯಿಂದ. ಆಗ ಪತ್ರದ ದರ ದೂರವನ್ನು ಅನುಸರಿಸಿತ್ತು. 1854ರಲ್ಲಿ ದೂರದ ಲೆಕ್ಕ ಹೋಯಿತು: ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ, ಅದು ಎಲ್ಲಿಂದ ಎಲ್ಲಿಗೇ ಹೋಗಲಿ. ಆ ವರ್ಷ ಅಕ್ಟೋಬರ್ 1ರಿಂದ ಇಡೀ ದೇಶಕ್ಕೆ ನಡೆಯುವ ಅಂಚೆಚೀಟಿಯೂ ಬಂತು. ಇಂದಿಗೂ ಅಂಚೆ ಕಾರ್ಡಿನ ಬೆಲೆ 50 ಪೈಸೆ. ಕಡಗಂಚಿಯಿಂದ ಆಳಂದಕ್ಕೂ ಅಷ್ಟೇ, ಕೊಹಿಮಾಕ್ಕೂ ಅಷ್ಟೇ.

ಒಂದೇ ದರ ಎಂದ ಕೂಡಲೇ ಒಂದು ತೊಡಕು ಹುಟ್ಟುತ್ತದೆ. ತರಗತಿಗೆ ಅನುಕೂಲವಾಗಲೆಂದು ನಾನೇ ಕಟ್ಟಿಕೊಂಡ ಅಂಕಿಗಳಲ್ಲಿ ಹೇಳುತ್ತೇನೆ. ಹತ್ತು ಪತ್ರಗಳಿವೆ, ಎಲ್ಲಕ್ಕೂ 5 ರೂಪಾಯಿ ಚೀಟಿ. ಎಂಟು ಕಲಬುರಗಿ ನಗರದೊಳಗಿನವು. ಒಂದೊಂದನ್ನು ಮುಟ್ಟಿಸಲು ಖರ್ಚು 3 ರೂಪಾಯಿ. ಎರಡು ದೂರದ ತಾಂಡಾಗಳಿಗೆ. ಒಂದೊಂದಕ್ಕೆ 13 ರೂಪಾಯಿ. ಬಂದದ್ದು 50, ಖರ್ಚು 24 ಮತ್ತು 26 ಸೇರಿ 50. ಸರಿಹೋಯಿತು. ಈಗ ಒಬ್ಬ ಖಾಸಗಿಯವರು ಬಂದು, ನಗರದ ಎಂಟನ್ನು ಮಾತ್ರ 4 ರೂಪಾಯಿಗೆ ಒಯ್ಯುತ್ತೇನೆ ಎನ್ನುತ್ತಾರೆ. ಅವರಿಗೆ ಎಂಟು ರೂಪಾಯಿ ಲಾಭ, ನಗರದವರಿಗೆ ತಲಾ ಒಂದು ರೂಪಾಯಿ ಉಳಿತಾಯ. ಅಂಚೆಯ ಬಳಿ ಉಳಿದದ್ದು ತಾಂಡಾದ ಎರಡು ಪತ್ರ: ಆದಾಯ 10, ಖರ್ಚು 26. ಇನ್ನು ಅಂಚೆ ಮಾಡಬಹುದಾದದ್ದು ಮೂರೇ: ತಾಂಡಾದ ಪತ್ರಕ್ಕೆ 13 ರೂಪಾಯಿ ಕೇಳಬೇಕು, ಇಲ್ಲವೇ ಬೊಕ್ಕಸದಿಂದ 16 ರೂಪಾಯಿ ತರಬೇಕು, ಇಲ್ಲವೇ ತಾಂಡಾಕ್ಕೆ ಹೋಗುವುದನ್ನು ಬಿಡಬೇಕು. ಕೆನೆ ಒಬ್ಬರು ತೆಗೆದುಕೊಂಡು ಮಜ್ಜಿಗೆ ಇನ್ನೊಬ್ಬರಿಗೆ ಬಿಡುವ ವ್ಯಾಪಾರ ಇದು. ಇದನ್ನು ತಡೆಯುವ ಬೇಲಿಯೇ 4ನೆಯ ಕಲಮು. ಭಾರತದ 1.64 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಹಳ್ಳಿಗಳಲ್ಲಿವೆ ಎಂಬುದನ್ನು ನೆನೆದರೆ ಬೇಲಿಯ ಹಿಂದಿನ ಲೆಕ್ಕ ಅರ್ಥವಾಗುತ್ತದೆ.

ಈ ಲೆಕ್ಕಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. 1844ರಲ್ಲಿ ಅಮೆರಿಕದಲ್ಲಿ ಲೈಸಾಂಡರ್ ಸ್ಪೂನರ್ ಎಂಬವರು ಸರ್ಕಾರಿ ಅಂಚೆಗಿಂತ ಕಡಿಮೆ ದರದಲ್ಲಿ ಪತ್ರ ಒಯ್ಯುವ ಸ್ವಂತ ಕಂಪನಿ ತೆರೆದರು. ಸರ್ಕಾರ ಮೊಕದ್ದಮೆಗಳಿಂದಲೂ ಬಿಗಿಯಾದ ಕಾಯ್ದೆಯಿಂದಲೂ ಅದನ್ನು ಮುಚ್ಚಿಸಿತು. ಆದರೆ 1845ರಲ್ಲಿ ತನ್ನ ದರವನ್ನೂ ಇಳಿಸಬೇಕಾಯಿತು. ಸ್ಪರ್ಧಿ ಇಲ್ಲದ ಕಡೆ ದರ ತಾನಾಗಿ ಇಳಿಯುವುದಿಲ್ಲ, ಸೇವೆಯೂ ತಾನಾಗಿ ಚುರುಕಾಗುವುದಿಲ್ಲ ಎಂಬುದು ಸ್ಪೂನರ್ ಪಕ್ಷದವರ ಮಾತು. ಇನ್ನೊಂದು ಕಾರಣ ಎಲ್ಲ ಆಳುವವರಿಗೂ ಇತ್ತು: ಪತ್ರ ತನ್ನ ಕೈಯಿಂದಲೇ ಹಾದುಹೋದರೆ ಅದರ ಮೇಲೆ ಕಣ್ಣಿಡಬಹುದು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಅಂಚೆ ವ್ಯವಸ್ಥೆಯಲ್ಲಿ ಅಂಚೆಯವರು ರಾಜನಿಗೆ ಸುದ್ದಿ ಮುಟ್ಟಿಸುವ ಗುಪ್ತಚರರ ಕೆಲಸವನ್ನೂ ಮಾಡುತ್ತಿದ್ದರು.

ಮೈಸೂರು ಅಂಚೆಯ ಹೆಸರು ಬಂದದ್ದರಿಂದ ನಮ್ಮ ಭಾಗದ ಮಾತನ್ನೂ ಹೇಳಿಬಿಡುತ್ತೇನೆ, ಪಾಠಪುಸ್ತಕಗಳಲ್ಲಿ ಇದು ಸಿಗುವುದು ಕಡಿಮೆ. ಮೈಸೂರು ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು. ಆದ್ದರಿಂದ 1898ರ ಕಾಯ್ದೆ ಬರುವ ಹೊತ್ತಿಗೆ ಮೈಸೂರಿನವರು ಆ ವ್ಯವಸ್ಥೆಯೊಳಗೇ ಇದ್ದರು. ಆಳಂದ, ಅಫಜಲಪುರ, ಜೇವರ್ಗಿಯ ಕಥೆ ಬೇರೆ. ಇವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದಕ್ಕೆ ತನ್ನದೇ ಟಪಾಲು ಇಲಾಖೆ ಇತ್ತು, 1869ರಿಂದ ತನ್ನದೇ ಅಂಚೆಚೀಟಿ ಇತ್ತು. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಬಂದ ಮೇಲೆ, 1950ರ ಏಪ್ರಿಲ್ 1ರಂದು ಆ ಇಲಾಖೆ ಭಾರತದ ಅಂಚೆ ಇಲಾಖೆಯಲ್ಲಿ ವಿಲೀನವಾಯಿತು. ಈಗಲೂ ನಮ್ಮ ಹಿರಿಯರ ಬಾಯಲ್ಲಿ ಬರುವ ಮಾತು "ಅಂಚೆ"ಗಿಂತ "ಟಪಾಲು" ಎಂದೇ. ಮಕ್ಕಳು ಮನೆಯಲ್ಲಿ ಕೇಳಿದ ಈ ಪದವನ್ನು ತರಗತಿಯಲ್ಲಿ ಹೇಳಿದಾಗ ತಿದ್ದಬೇಡಿ. ಅದರಲ್ಲಿ ಚರಿತ್ರೆಯ ಒಂದು ಪಾಠವಿದೆ.

ಸ್ವಾತಂತ್ರ್ಯಾನಂತರ ಸಂವಿಧಾನದ ಏಳನೆಯ ಅನುಸೂಚಿ ಅಂಚೆಯನ್ನು ಕೇಂದ್ರ ಪಟ್ಟಿಯ 31ನೆಯ ನಮೂದಿನಲ್ಲಿ ಇರಿಸಿತು. ಹಾಗಾಗಿ ಈ ವಿಷಯದಲ್ಲಿ ಕಾಯ್ದೆ ಮಾಡುವುದು ಸಂಸತ್ತು, ವಿಧಾನಸಭೆಯಲ್ಲ. 1898ರ ಕಾಯ್ದೆ ಹಾಗೆಯೇ ಮುಂದುವರಿಯಿತು. ಬೇಲಿ ಕಾಗದದ ಮೇಲೆ ನಿಂತೇ ಇತ್ತು, ಆದರೆ 1980ರ ದಶಕದ ಹೊತ್ತಿಗೆ ಜನ ಅದನ್ನು ದಾಟಿ ಓಡಾಡತೊಡಗಿದ್ದರು. ನಗರಗಳಲ್ಲಿ ಕೊರಿಯರ್ ಸಂಸ್ಥೆಗಳು ಬೆಳೆದವು. ಅಂಚೆ ಇಲಾಖೆಯೇ 1986ರ ಆಗಸ್ಟ್ 1ರಂದು ಸ್ಪೀಡ್ ಪೋಸ್ಟ್ ಶುರುಮಾಡಿ ಆ ಓಟಕ್ಕೆ ಇಳಿಯಿತು. 1990ರಲ್ಲಿ ಬೆಂಗಳೂರಿನಲ್ಲೇ ಡಿಟಿಡಿಸಿ ಹುಟ್ಟಿತು. ಕೊರಿಯರ್ ವ್ಯವಹಾರದಲ್ಲಿ ಚಾಲ್ತಿಗೆ ಬಂದ ಪದ "ಪತ್ರ" ಅಲ್ಲ, "ಡಾಕ್ಯುಮೆಂಟ್ಸ್". ಪತ್ರ ಎಂದರೇನು ಎಂದು ಕಾಯ್ದೆ ಹೇಳದ ಆ ಸಣ್ಣ ಕೊರತೆ ಇಲ್ಲಿ ಕೆಲಸಕ್ಕೆ ಬಂತು. ಲಕೋಟೆಯೊಳಗೆ ಇರುವುದು ಪತ್ರವೋ, ಬಿಲ್ಲೋ, ಚೆಕ್ಕೋ, ಕರಾರೋ ಎಂದು ತೆರೆದು ನೋಡುವವರು ಯಾರು?

ಇದಕ್ಕಿಂತ ವಿಚಿತ್ರವಾದದ್ದು ಸರ್ಕಾರದ ನಡೆ. ಒಂದು ಕೈಯಲ್ಲಿ 4ನೆಯ ಕಲಮು ಹಿಡಿದೇ, ಇನ್ನೊಂದು ಕೈಯಿಂದ 1996ರ ನವೆಂಬರ್‌ನಿಂದ ಕೊರಿಯರ್ ಸೇವೆಯ ಮೇಲೆ ಸೇವಾ ತೆರಿಗೆ ವಸೂಲಿ ಮಾಡಿತು. 2002ರಲ್ಲಿ ಜಾರಿಗೆ ಬಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿ, ಉಚ್ಚ ನ್ಯಾಯಾಲಯ ಒಪ್ಪಿದ ಕೊರಿಯರ್ ಮೂಲಕವೂ ಸಮನ್ಸ್ ಕಳಿಸಬಹುದು ಎಂದಿತು. ಒಂದು ಕಾಯ್ದೆ "ಒಯ್ಯಬೇಡ" ಎನ್ನುತ್ತದೆ, ಒಂದು "ಒಯ್ದದ್ದಕ್ಕೆ ತೆರಿಗೆ ಕಟ್ಟು" ಎನ್ನುತ್ತದೆ, ಮತ್ತೊಂದು "ಕೋರ್ಟಿನ ಕಾಗದವನ್ನೂ ಒಯ್ಯಿ" ಎನ್ನುತ್ತದೆ. ಕೊರಿಯರ್ "ಬಹಳ ಹಿಂದಿನಿಂದಲೂ ಕಾನೂನುಬದ್ಧ" ಎಂದು ನಾನು ನಂಬಿದ್ದು ಈ ಗೊಂದಲದಿಂದಲೇ. ಚಾಲ್ತಿಯಲ್ಲಿದ್ದದ್ದನ್ನು ಕಾನೂನುಬದ್ಧ ಎಂದು ಓದಿಕೊಂಡಿದ್ದೆ. 2006ರಲ್ಲಿ ಒಂದು ಕರಡು ಬಂತು: 300 ಗ್ರಾಂವರೆಗಿನ ಪತ್ರ ಅಂಚೆಗೇ ಮೀಸಲು, ಕೊರಿಯರ್‌ನವರು ನೋಂದಣಿ ಮಾಡಿಸಿಕೊಳ್ಳಬೇಕು ಎಂದು. ಅದು ಕಾಯ್ದೆಯಾಗಲಿಲ್ಲ.

ಕೊನೆಗೆ ಬದಲಾವಣೆ ಬಂದದ್ದು 2023ರಲ್ಲಿ, ಎರಡು ಹೆಜ್ಜೆಗಳಲ್ಲಿ. ಹಲವು ಕಾಯ್ದೆಗಳ ಸಣ್ಣಪುಟ್ಟ ಅಪರಾಧಗಳನ್ನು ಕೈಬಿಟ್ಟ ಜನ ವಿಶ್ವಾಸ ಕಾಯ್ದೆ, 1898ರ ಕಾಯ್ದೆಯ ದಂಡದ ಕಲಮುಗಳನ್ನೂ ತೆಗೆಯುವ ಪಟ್ಟಿಗೆ ಸೇರಿಸಿತು. ಅದರ ಬೆನ್ನಿಗೇ ಹೊಸ ಅಂಚೆ ಕಚೇರಿ ಮಸೂದೆ ಬಂತು: ಆಗಸ್ಟ್ 10ರಂದು ರಾಜ್ಯಸಭೆಯಲ್ಲಿ ಮಂಡನೆ, ಡಿಸೆಂಬರ್ 4ರಂದು ಅಲ್ಲಿ ಅಂಗೀಕಾರ, ಡಿಸೆಂಬರ್ 18ರಂದು ಲೋಕಸಭೆಯಲ್ಲಿ ಅಂಗೀಕಾರ, ಡಿಸೆಂಬರ್ 24ರಂದು ರಾಷ್ಟ್ರಪತಿಯವರ ಅಂಕಿತ. 2024ರ ಜೂನ್ 18ರಿಂದ ಅದು ಜಾರಿಯಲ್ಲಿದೆ, 1898ರದ್ದು ರದ್ದಾಗಿದೆ. ಹೊಸ ಕಾಯ್ದೆಯಲ್ಲಿ ಪತ್ರ ಒಯ್ಯುವ ಏಕಸ್ವಾಮ್ಯ ಇಲ್ಲ. ಅಂಚೆಗೆ ಮಾತ್ರ ಎಂದು ಉಳಿಸಿದ್ದು ಒಂದನ್ನು: ಅಂಚೆಚೀಟಿ ಹೊರಡಿಸುವ ಹಕ್ಕು. ಹೀಗೆ ಬೇಲಿ ಸದ್ದಿಲ್ಲದೆ ಹೋಯಿತು. ಪಾಠ ಟಿಪ್ಪಣಿಗಳಿಗೆ ಮಾತ್ರ ಸುದ್ದಿ ಮುಟ್ಟಿಲ್ಲ.

ಹಾಗಾದರೆ ಈಗ ಅಂಚೆಯೂ ಕೊರಿಯರೂ ಕಾನೂನಿನ ಮುಂದೆ ಒಂದೇಯೋ? ಅಲ್ಲ. ವ್ಯತ್ಯಾಸಗಳು ಉಳಿದಿವೆ, ಮತ್ತು ನಮ್ಮಂಥ ಊರುಗಳಿಗೆ ಅವು ಮುಖ್ಯ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಸಂದರ್ಶನದ ಪತ್ರ ಕೊರಿಯರ್‌ನಲ್ಲಿ ಬಂತು. ಬಂದದ್ದು ಊರಿಗಲ್ಲ, ಕಲಬುರಗಿಯ ಕಚೇರಿಗೆ. ಅಲ್ಲಿಂದ ಫೋನು: "ನಿಮ್ಮ ಊರಿಗೆ ನಮ್ಮ ಸರ್ವಿಸ್ ಇಲ್ಲ, ಬಂದು ಒಯ್ರಿ." ಬಸ್ಸು ಹಿಡಿದು ಹೋಗಿ ಲಕೋಟೆ ಒಡೆದಾಗ ಸಂದರ್ಶನದ ದಿನ ಕಳೆದು ಎರಡು ದಿನವಾಗಿತ್ತು. ಇಂಥಲ್ಲಿ ಕೊರಿಯರ್ ಸಂಸ್ಥೆಯ ಮೇಲೆ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯ ಕೊರತೆಗೆ ಪರಿಹಾರ ಕೇಳುವ ದಾರಿ ಇದೆ. ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಅಚ್ಚಾದ ಷರತ್ತುಗಳನ್ನು ಮೊದಲು ಓದಿಕೊಳ್ಳಬೇಕು ಅಷ್ಟೇ. ಅಂಚೆಯ ವಿಷಯದಲ್ಲಿ ಈ ದಾರಿ ಕಿರಿದು. ಪತ್ರ ಕಳೆದರೆ, ತಡವಾದರೆ, ಹಾಳಾದರೆ ಅಂಚೆ ಹೊಣೆಯಲ್ಲ ಎಂಬ ರಕ್ಷಣೆ 1898ರ ಕಾಯ್ದೆಯಲ್ಲೂ ಇತ್ತು. ನಿಯಮಗಳಲ್ಲಿ ಹೇಳಿದಷ್ಟು ಹೊಣೆ ಬಿಟ್ಟರೆ, ಹೊಸದರಲ್ಲೂ ಅದು ಮುಂದುವರಿದಿದೆ. ಏಕಸ್ವಾಮ್ಯ ಹೋದ ಮೇಲೂ ಏಕಸ್ವಾಮ್ಯದ ಕಾಲದ ರಕ್ಷಣೆ ಏಕೆ ಉಳಿಯಬೇಕು ಎಂಬುದು ನನಗೆ ಇನ್ನೂ ಸಮಾಧಾನವಾಗದ ಪ್ರಶ್ನೆ.

ಇನ್ನೊಂದು ವ್ಯತ್ಯಾಸ ಗುಟ್ಟಿನದು. ರಾಜ್ಯದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಅಂಚೆಯ ವಸ್ತುಗಳನ್ನು ತಡೆಯುವ, ತೆರೆಯುವ ಅಧಿಕಾರವನ್ನು ಹೊಸ ಕಾಯ್ದೆ ಸರ್ಕಾರಕ್ಕೆ ಕೊಟ್ಟಿದೆ. ಅದು ಅಂಚೆಯ ಮೂಲಕ ಹೋಗುವ ವಸ್ತುಗಳ ಕುರಿತದ್ದು. ಖಾಸಗಿಯವರ ಕೈಯಲ್ಲಿರುವ ಲಕೋಟೆಯ ಮಾತು ಅಲ್ಲಿಲ್ಲ. ಪುರಾವೆಯ ವಿಷಯವೂ ಬೇರೆ. ಕಾಯ್ದೆಯೊಂದು ಅಂಚೆಯಿಂದ ಕಳಿಸಬೇಕು ಎಂದ ಕಾಗದವನ್ನು ಸರಿಯಾದ ವಿಳಾಸ ಬರೆದು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹಾಕಿದರೆ, ಬೇರೆ ಸಾಕ್ಷ್ಯ ಇಲ್ಲದಿದ್ದಲ್ಲಿ ಅದು ತಲುಪಿದೆ ಎಂದೇ ತಿಳಿಯಬೇಕೆಂದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೆಯ ಕಲಮು ಹೇಳುತ್ತದೆ. ಅಲ್ಲಿ ಕೊರಿಯರ್ ಹೆಸರಿಲ್ಲ. ಇದನ್ನು ಹೇಳುವಾಗ ಒಂದು ಎಚ್ಚರ: 2025ರ ಸೆಪ್ಟೆಂಬರ್ 1ರಿಂದ ದೇಶದೊಳಗಿನ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದ್ದಾರೆ. ನೋಂದಣಿ ಈಗ ಸ್ಪೀಡ್ ಪೋಸ್ಟಿಗೆ ಸೇರಿಸಿಕೊಳ್ಳುವ ಸೌಲಭ್ಯ. ಪತ್ರಲೇಖನದ ಪಾಠದಲ್ಲಿ "ಅಂಚೆಯ ವಿಧಗಳು" ಎಂದು ಹಳೆಯ ಪಟ್ಟಿ ಬರೆಸುವವರು ಗಮನಿಸಿ.

ಬೇಲಿ ತೆಗೆದದ್ದು ನಾವೇ ಮೊದಲಲ್ಲ. ಸ್ವೀಡನ್ 1993ರಲ್ಲಿ, ಬ್ರಿಟನ್ 2006ರಲ್ಲಿ, ಜರ್ಮನಿ 2008ರ ಆರಂಭದಲ್ಲಿ ತೆಗೆದವು. ಡೆನ್ಮಾರ್ಕ್ ಇನ್ನೂ ಮುಂದೆ ಹೋಯಿತು. ಅಲ್ಲಿನ ಸರ್ಕಾರಿ ಅಂಚೆ 400 ವರ್ಷ ನಡೆಸಿದ ಪತ್ರ ಬಟವಾಡೆಯನ್ನು 2025ರ ಡಿಸೆಂಬರ್ ಕೊನೆಗೆ ನಿಲ್ಲಿಸಿತು. ಈಗ ಅಲ್ಲಿ ಪತ್ರ ಒಯ್ಯುವುದು ಖಾಸಗಿ ಸಂಸ್ಥೆ. ಕೈಬರಹದ ಪತ್ರ ಅಲ್ಲಿ ಹೆಚ್ಚೇನೂ ಉಳಿದಿಲ್ಲ. ನಮ್ಮಲ್ಲಿ ಹಾಲ್ ಟಿಕೆಟ್ ಫೋನಿನಲ್ಲೇ ಬಂದರೂ ಬ್ಯಾಂಕಿನ ನೋಟಿಸು, ಕೋರ್ಟಿನ ಕಾಗದ, ಆಧಾರ್ ಕಾರ್ಡು ಇನ್ನೂ ಮನೆಬಾಗಿಲಿಗೆ ಯಾರೋ ತಂದುಕೊಡುವಂಥವೇ.

ಇನ್ನು ತರಗತಿಯ ವಿಚಾರ. ನಾವು ಮರುಪಾಠಕ್ಕೆ ಮಾಡಿಕೊಂಡ ಸಿದ್ಧತೆ ಸರಳ. ಒಂಬತ್ತು ಚೀಟಿಗಳಲ್ಲಿ ಒಂಬತ್ತು ಸಂದರ್ಭ ಬರೆದೆವು: ಗಾಣಗಾಪುರದ ಯಾತ್ರಿಕರು, ಬೀಗರಿಗೆ ಕಳಿಸಿದ ಆಳು, ತೊಗರಿ ಲಾರಿ, ಓಣಿಯ ಪತ್ರ ಕೂಡಿಸುವ ಯುವಕ, ಕಂಡಕ್ಟರ್, ಕೊರಿಯರ್ ಹುಡುಗ, ಭೀಮಾ ನದಿಯ ದೋಣಿಯವರು, ಲಗ್ನಪತ್ರಿಕೆ ಹಂಚಲು ಹೊರಟ ಸೋದರಮಾವ, ಬಸ್ಸಿನ ಪಾರ್ಸೆಲ್ ಸೇವೆಯಲ್ಲಿ ಹೋಗುವ ಪೆಟ್ಟಿಗೆಯೊಳಗಿನ ಪತ್ರ. ಕೊನೆಯದು ಸಾರಿಗೆ ನಿಗಮಗಳು 2021ರಲ್ಲಿ ಶುರುಮಾಡಿದ "ನಮ್ಮ ಕಾರ್ಗೋ" ನೋಡಿ ಹೊಳೆದದ್ದು. ಗುಂಪಿಗೊಂದು ಚೀಟಿ. ಮೊದಲ ಸುತ್ತಿನಲ್ಲಿ ಅವರು ಇರುವುದು 2010ರಲ್ಲಿ, ಕೈಯಲ್ಲಿ ಸರಳ ಕನ್ನಡಕ್ಕೆ ತಂದ 4 ಮತ್ತು 5ನೆಯ ಕಲಮು. ಎರಡನೆಯ ಸುತ್ತಿನಲ್ಲಿ ಅವರು ಇರುವುದು ಇಂದು. ಪ್ರಶ್ನೆಗಳೂ ಅವೇ: ಇದು ಪತ್ರವೇ? ಒಯ್ಯುವವರು ಯಾರು? ಪ್ರತಿಫಲ ಇದೆಯೇ? ಕೂಡಿಸಿದ್ದಾರೆಯೇ?

ಒಂದು ಅವಧಿಯಲ್ಲಿ ಮುಗಿಯಲಿಲ್ಲ ಎಂದು ಒಪ್ಪಿಕೊಳ್ಳಬೇಕು. ಲಗ್ನಪತ್ರಿಕೆಯ ಚೀಟಿಯೇ ಹತ್ತು ನಿಮಿಷ ತಿಂದಿತು. ಅಚ್ಚಾದ ಆಮಂತ್ರಣ ಪತ್ರ ಹೌದೋ ಅಲ್ಲವೋ ಎಂದು ಜಗಳವೇ ಆಯಿತು. ಪತ್ರದ ವ್ಯಾಖ್ಯೆ ಕಾಯ್ದೆಯಲ್ಲಿ ಇರಲಿಲ್ಲ ಎಂಬುದನ್ನು ನಾವು ಹೇಳುವ ಮೊದಲೇ ಮಕ್ಕಳು ಕಂಡುಹಿಡಿದರು. ಒಂದು ತಪ್ಪನ್ನೂ ಮಾಡಿದೆವು: ಕಲಮುಗಳ ಕನ್ನಡ ಇನ್ನೂ ಗಟ್ಟಿಯಾಗಿತ್ತು, ಎರಡು ಗುಂಪುಗಳಿಗೆ ಓದಿ ಹೇಳಬೇಕಾಯಿತು. ಮುಂದೆ ಮಾಡುವವರು ಅವನ್ನು ನಾಲ್ಕು ಸಾಲಿಗೆ ಇಳಿಸಿಕೊಳ್ಳಿ.

ಕಂಡಕ್ಟರ್ ಚೀಟಿ ಆ ಹುಡುಗನ ಗುಂಪಿಗೇ ಹೋಗುವಂತೆ ಪ್ರಶಿಕ್ಷಣಾರ್ಥಿ ನೋಡಿಕೊಂಡಿದ್ದರು. ಅವನು ಎದ್ದು, "2010ರಾಗ ತಪ್ಪುರಿ, ರೊಕ್ಕ ತಗೊಂಡಿಲ್ಲಂದ್ರೂ ತಪ್ಪು. ಈಗ ಟಪಾಲಿನ ಕಾಯ್ದೆದಾಗ ತಪ್ಪಿಲ್ಲ" ಎಂದ. ಬಸ್ಸಿನ ನಿಗಮಕ್ಕೆ ತನ್ನ ನೌಕರರ ಮೇಲೆ ತನ್ನದೇ ನಿಯಮಗಳಿರುತ್ತವೆ, ಅದು ಬೇರೆ ಮಾತು ಎಂದು ಆಕೆ ಸೇರಿಸಿದರು. ಆಗ ಪಕ್ಕದ ಸಾಲಿನ ಅದೇ ಹುಡುಗಿ ಕೇಳಿದಳು: "ಯಾರ ಬೇಕಾದ್ರೂ ಒಯ್ಬಹುದು ಅಂತ ಅದರಿ. ನಮ್ಮ ತಾಂಡಾಕ್ಕ ಯಾರು ತರಬೇಕು ಅಂತ ಕೊರಿಯರ್‌ನವರಿಗೆ ಹೇಳೋ ಕಾಯ್ದೆ ಅದ ಏನ್ರಿ?" ಕೊರಿಯರ್ ಸಂಸ್ಥೆಗಳು ಇಂತಿಂಥ ಊರಿಗೆ ಹೋಗಲೇಬೇಕು ಎಂದು ಹೊಸ ಅಂಚೆ ಕಾಯ್ದೆ ಹೇಳುವುದಿಲ್ಲ, ಅವುಗಳ ನೋಂದಣಿಯ ಮಾತೂ ಅದರಲ್ಲಿ ಇಲ್ಲ. ಈ ಸಲ ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಲಿಲ್ಲ. "ಇಲ್ಲವ್ವಾ, ಇಲ್ಲ" ಎಂದು ನೇರವಾಗಿ ಹೇಳಿ, ಹತ್ತು ಪತ್ರಗಳ ಲೆಕ್ಕವನ್ನು ಮತ್ತೆ ಹಲಗೆಯ ಮೇಲೆ ಬರೆದು, ತಾಂಡಾದ ಎರಡು ಪತ್ರಗಳ ಸುತ್ತ ಗೆರೆ ಎಳೆದರು.

ಮೊದಲ ಪಾಠದಲ್ಲಿ ಕಡಿದ ಅಂಕವನ್ನು ತಿದ್ದಿ ಸಹಿ ಮಾಡಿದ್ದೇನೆ. ಒಂಬತ್ತು ಚೀಟಿಗಳ ಕಟ್ಟು ವಿಭಾಗದ ಬೋಧನೋಪಕರಣಗಳ ಕಪಾಟಿನಲ್ಲಿದೆ. ದೋಣಿಯ ಚೀಟಿ ಕಳೆದಿದೆ. ಒಯ್ಯುವವರು ಅದನ್ನು ಹೊಸದಾಗಿ ಬರೆದುಕೊಂಡು, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು.